ಕಲಿಕಾ ಶೈಲಿಯೋ, ತಿದ್ದಿ ಬರೆಸುವುದೋ?

ದೊಡ್ಡವರಿಗೆ ಇಂಗ್ಲಿಷ್ ಬರವಣಿಗೆ ಕಲಿಸುವವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಯಾರು ನೋಡಿ ಕಲಿಯುತ್ತಾರೆ, ಯಾರು ಕೇಳಿ ಕಲಿಯುತ್ತಾರೆ ಎಂದು ವಿಂಗಡಿಸಿ ಪಾಠ ಮಾಡುವುದು ಒಂದು. ಬರೆದದ್ದನ್ನೇ ಮತ್ತೆ ಮತ್ತೆ ತಿದ್ದಿಸುವುದು ಇನ್ನೊಂದು.

ಮೊದಲನೆಯದು ಕೇಳೋಕೆ ಚೆಂದ. ಯಾರಿಗೆ ಯಾವ ಕಲಿಕಾ ಶೈಲಿ ಇಷ್ಟ ಎಂದು ಕೇಳುವ, ನೀಲ್ ಫ್ಲೆಮಿಂಗ್ ಅವರ ವಾರ್ಕ್ ಪ್ರಶ್ನಾವಳಿ ತುಂಬಿಸಿದರೆ ಒಳ್ಳೆ ಮಾತುಕತೆ ಹುಟ್ಟುತ್ತದೆ, ಸಂಕೋಚವೂ ಕರಗುತ್ತದೆ. ಆದರೆ ಶೈಲಿಗೆ ತಕ್ಕಂತೆ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಹೇಳಿದರು. ಅಷ್ಟಕ್ಕೂ ಬರವಣಿಗೆಯನ್ನು ಬರೆದೇ ಕಲಿಯಬೇಕು, ಅಲ್ವಾ?

ತಿದ್ದುವುದು ಬೇಸರದ ಕೆಲಸ, ಸಮಯವೂ ಹಿಡಿಯುತ್ತದೆ. ಸುಮ್ನೆ ‘ತಿದ್ದಿ’ ಅಂದರೆ ಹೆಚ್ಚಿನವರು ಸ್ಪೆಲಿಂಗ್ ಸರಿಮಾಡಿ ಕೊಡುತ್ತಾರೆ. ಒಂದು ರಜೆ ಅರ್ಜಿ ತಗೊಳ್ಳಿ. ಮನೆಯ ಕಥೆಯೆಲ್ಲ ಮೇಲೆ, ಎಷ್ಟು ದಿನ ರಜೆ ಬೇಕು ಎನ್ನುವುದು ಕೊನೆಯ ಸಾಲಿನಲ್ಲಿ. ಸ್ಪೆಲಿಂಗ್ ತಿದ್ದಿದರೂ ಆ ತೊಂದರೆ ಹಾಗೇ ಉಳಿಯುತ್ತದೆ. ‘ಓದುವವರಿಗೆ ಮೊದಲು ಏನು ಗೊತ್ತಾಗಬೇಕು?’ ಎಂದು ಕೇಳಿ ನೋಡಿ. ಎಷ್ಟೋ ಸಲ ಆ ಸಾಲನ್ನು ಅವರೇ ಮೇಲೆ ತರುತ್ತಾರೆ. ವ್ಯಾಕರಣ ಎರಡನೇ ಸುತ್ತಿಗೆ ಇರಲಿ.

ವಾರಕ್ಕೆ ಒಂದೇ ತರಗತಿ ಸಿಗುವುದಾದರೆ ನಾನಂತೂ ತಿದ್ದಿಸುವುದನ್ನೇ ಆರಿಸುತ್ತೇನೆ. ಪ್ರಶ್ನಾವಳಿ ಮೊದಲ ದಿನದ ಪರಿಚಯಕ್ಕೆ ಸಾಕು.