ಬಚ್ಚಲ ಒಲೆಗೆ ಬಿಟ್ಟಿ ಕಟ್ಟಿಗೆ: ಯಾವುದು ನಿಜಕ್ಕೂ ಅಗ್ಗ?

ಶಿರಸಿಯ ಮಳೆಗಾಲದಲ್ಲಿ ಸೋಲಾರ್ ನಂಬಿ ಕುಳಿತರೆ ತಣ್ಣೀರೇ ಗತಿ. ಹಾಗಾಗಿ ನಮ್ಮ ಬಚ್ಚಲಲ್ಲಿ ಹಂಡೆ ಒಲೆ ಇನ್ನೂ ಉರಿಯುತ್ತಿದೆ. ಸ್ವಂತ ತೋಟವಿಲ್ಲ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟವೂ ಇಲ್ಲ. ಕಟ್ಟಿಗೆಯನ್ನು ಸಿಕ್ಕ ಸಿಕ್ಕ ಕಡೆಯಿಂದ ತಂದು ಉರಿಸಿ ನೋಡಿದ್ದೇನೆ.

ಅತಿ ಸುಲಭವಾಗಿ ಸಿಗುವುದು ನೆಂಟರ ಮನೆಯ ಅಡಿಕೆ ಸಿಪ್ಪೆ. ಚಾಲಿ (ಬಿಸಿಲಿಗೆ ಒಣಗಿಸಿದ ಹಣ್ಣಡಿಕೆ) ಸುಲಿದ ಸಿಪ್ಪೆಯನ್ನೇ ಕೇಳಿ ತನ್ನಿ, ಅದು ಒಣಗಿಯೇ ಇರುತ್ತದೆ. ಬೇಯಿಸಿ ಮಾಡುವ ಕೆಂಪಡಿಕೆಗೆಂದು ಸುಲಿದ ಹಸಿ ಸಿಪ್ಪೆ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಸಿಪ್ಪೆ ಜ್ವಾಲೆ ಕೊಡುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ, ಅದೊಂದರಿಂದಲೇ ಹಂಡೆ ಕಾಯಿಸಲು ಹೊರಟರೆ ಕಣ್ಣು ಉರಿದೀತು. ಆದರೆ ರಾತ್ರಿ ಕೆಂಡದ ಮೇಲೆ ನಾಲ್ಕು ಬೊಗಸೆ ಸುರಿದು ಬೂದಿ ಎಳೆದುಬಿಟ್ಟರೆ ಬೆಳಗಿನವರೆಗೆ ನೀರು ಬೆಚ್ಚಗಿರುತ್ತದೆ. ಈ ಕೆಲಸಕ್ಕೆ ಬೇರೆ ಯಾವುದೂ ಅದರ ಸಮ ಬರಲಿಲ್ಲ. ಬಿದ್ದ ಅಡಿಕೆ ಮರ ಸೀಳಿದ ದಬ್ಬೆಯೂ ಬಿಟ್ಟಿಯೇ. ಹೊರಗಿನ ಗಟ್ಟಿ ಭಾಗ ಚಟಚಟನೆ ಉರಿಯುತ್ತದೆ, ಒಳಗಿನ ಮೆತ್ತನೆಯ ತಿರುಳು ನೀರು ಹೀರಿಕೊಂಡು ಸತಾಯಿಸುತ್ತದೆ. ಕೆತ್ತಿ ಎಸೆಯುವುದೇ ಮೇಲು.

ನೆಂಟರ ಸೊಪ್ಪಿನ ಬೆಟ್ಟದ ಮೇಲೆ ಹೆಚ್ಚು ಆಸೆ ಇಡಬಾರದು. ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸೌಲಭ್ಯವಿದ್ದರೂ ಅದು ತೋಟದವರಿಗೆ ಮೀಸಲು. ಬಿದ್ದ ಒಣ ಕೊಂಬೆಯೆಲ್ಲ ಮೊದಲು ಅವರ ಅಡಿಕೆ ಬೇಯಿಸುವ ಒಲೆಗೇ ಹೋಗುತ್ತದೆ. ಕೇಳುವುದಕ್ಕೂ ಸಂಕೋಚ.

ಮಳೆಗೆ ಮುಂಚೆ ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಕಡಿಯುತ್ತಾರಲ್ಲ, ರಸ್ತೆ ಬದಿಯ ಆ ರಾಶಿ ನೋಡಿದರೆ ಯಾರಿಗೂ ಆಸೆಯಾಗುತ್ತದೆ. ಜಾಗದವರನ್ನು ಕೇಳಿದರೆ ಒಯ್ಯಿರಿ ಎನ್ನುತ್ತಾರೆ. ಆದರೆ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು, ಕಡಿಯುವುದೋ ಮೇ ತಿಂಗಳಲ್ಲಿ! ಮುಂದಿನ ಬೇಸಿಗೆವರೆಗೆ ಮಾಡಿನಡಿ ಇಡಲು ಜಾಗವಿದ್ದವರು ಮಾತ್ರ ಮುಟ್ಟಬೇಕು.

ಕರಾವಳಿಯ ಗಾಳಿ ಮರದ (ಕ್ಯಾಸುರಿನಾ) ಕಟ್ಟಿಗೆಯ ಬೆಂಕಿಗೆ ಸಾಟಿಯಿಲ್ಲ, ತುಸು ಹಸಿ ಇದ್ದರೂ ಹೊತ್ತಿಕೊಳ್ಳುತ್ತದೆ. ಕುಮಟಾ, ಕಾರವಾರದ ಕಡೆಯವರ ಪುಣ್ಯ. ದೇವಿಮನೆ ಘಟ್ಟ ಹತ್ತಿಸಿ ತರುವ ನಮಗೆ ಬಾಡಿಗೆಯೇ ಕಟ್ಟಿಗೆಯ ಬೆಲೆಯನ್ನು ಮೀರಿಸುತ್ತದೆ.

ನಾನು ಕೊನೆಗೆ ನೆಚ್ಚಿಕೊಂಡಿದ್ದು ದುಡ್ಡು ಕೊಟ್ಟ ಕಟ್ಟಿಗೆಯನ್ನೇ: ಸಾ ಮಿಲ್ಲಿನಲ್ಲಿ ಅಕೇಶಿಯಾ ಕೊಯ್ಯುವಾಗ ತೊಗಟೆ ಸಮೇತ ಬೀಳುವ ಪಟ್ಟಿಗಳು. ಕೊಡಲಿ ಹಿಡಿಯುವ ಕೆಲಸವಿಲ್ಲ, ಕೂಲಿ ಉಳಿಯಿತು. ಫೆಬ್ರುವರಿಯಲ್ಲಿ ತಂದು, ನೆಲಕ್ಕೆ ಎರಡು ಕಲ್ಲು ಕೊಟ್ಟು, ಅಡ್ಡಡ್ಡ ಪೇರಿಸಿದರೆ ಮೃಗಶಿರಾ ಮಳೆ ಹಿಡಿಯುವುದರೊಳಗೆ ಒಣಗುತ್ತವೆ. ಎರಡು ಪಟ್ಟಿ ಕುಟ್ಟಿದಾಗ ಟಣ್ ಎಂದರೆ ಅಟ್ಟಕ್ಕೆ ಏರಿಸಬಹುದು. ಮಂದ ಸದ್ದು ಬಂದರೆ ಇನ್ನೊಂದಿಷ್ಟು ಬಿಸಿಲು ಬೇಕು. ತೊಗಟೆಯ ಒಳಮೈ ಕೊನೆಗೆ ಒಣಗುವುದರಿಂದ ಅಲ್ಲಿ ಬೆರಳಿಟ್ಟು ನೋಡುವುದು ಒಳ್ಳೆಯದು. ತೆಳುವಾದ ಪಟ್ಟಿ ಬೇಗ ಉರಿದು ಹೋಗುತ್ತದೆ, ನೀರು ಕಾಯುವವರೆಗೆ ಒಲೆಯ ಮುಂದಿನಿಂದ ಏಳುವಂತಿಲ್ಲ ಎಂಬುದೊಂದೇ ತಕರಾರು. ಖರೀದಿಸುವಾಗ ರಾಶಿಯಲ್ಲಿ ಪ್ಲೈವುಡ್, ಬಣ್ಣ ಬಳಿದ ಹಳೆ ಹಲಗೆ ಸೇರಿದ್ದರೆ ಅಲ್ಲೇ ಆರಿಸಿ ಬಿಡಿ; ಅಂಟು, ಬಣ್ಣಗಳ ಹೊಗೆ ಬಚ್ಚಲಿನಲ್ಲಿ ತುಂಬಬಾರದು.