ನಾಲ್ಕು ಚಳಿಗಾಲ ತುಳಿದ ಬೂಟು: ಬಳ್ಳಾರಿ ಮೆಕ್ಯಾನಿಕ್ ಒಬ್ಬನ ಅನುಭವ

ಬಳ್ಳಾರಿಯಲ್ಲಿ ಹಿಮದ ಬೂಟು ಕೇಳಿದರೆ ಏನಾಗಬೇಕೋ ಅದೇ ಆಯಿತು. ಬೆಂಗಳೂರು ರಸ್ತೆಯ ಅಂಗಡಿಯವರು ಗಮ್‌ಬೂಟು ತೋರಿಸಿ, "ಗದ್ದಿಗೇನ್ರಿ?" ಅಂದರು. ನನಗೆ ಬೇಕಿದ್ದದ್ದು ಲಡಾಖಿಗೆ. ನಾನು ಜನರೇಟರ್, ಕಂಪ್ರೆಸರ್ ಮೆಕ್ಯಾನಿಕ್. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಇಲ್ಲಿ ಗಣಿ ನಿಂತಾಗ ಸಂಡೂರಿನ ಕೆಲಸ ಹೋಯಿತು. ಊರೂರು ಸುತ್ತಿ ಕೊನೆಗೆ ಲಡಾಖಿನ ರಸ್ತೆ ಕೆಲಸಕ್ಕೆ ಸೇರಿದೆ. ಇಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ. ಅಲ್ಲಿ ಜನವರಿ ರಾತ್ರಿ ಮೈನಸ್ 20, 25. ಅಲ್ಲಿ ಡೀಸೆಲ್ಲೇ ಮೇಣದ ಹಾಗೆ ಕಟ್ಟುತ್ತದೆ. 2019ರಲ್ಲಿ ಇಂಡಿಯನ್ ಆಯಿಲ್ ಮೈನಸ್ 33ರವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿದೆ. ಕಾಲಿಗೆ ಮಾತ್ರ ನಾವೇ ಏನಾದರೂ ಹುಡುಕಿಕೊಳ್ಳಬೇಕು.

ಮೊದಲು ಕೆಲವು ವಾರ ಸೈಟಿನಲ್ಲಿ ಕೊಟ್ಟ ಸೇಫ್ಟಿ ಶೂನಲ್ಲೇ ಇದ್ದೆ. ಮುಂಭಾಗದಲ್ಲಿ ಉಕ್ಕಿನ ಟೋಪಿ. ಒಂದು ರಾತ್ರಿ ಬಲಗಾಲಿನ ಎರಡು ಬೆರಳು ಮೇಣದಂತೆ ಬಿಳಿಚಿಕೊಂಡವು, ಚಿವುಟಿದರೂ ಗೊತ್ತಾಗಲಿಲ್ಲ. ಬುಖಾರಿ ಒಲೆಗೆ ಕಾಲು ಚಾಚಹೋದವನನ್ನು ಲಡಾಖಿ ಹುಡುಗನೊಬ್ಬ ಎಳೆದು ಕೂರಿಸಿ, ನನ್ನ ಪಾದವನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದ. ಮರಗಟ್ಟಿದ ಬೆರಳಿಗೆ ಬೆಂಕಿ ತೋರಿಸಿದರೆ ಸುಟ್ಟದ್ದೂ ತಿಳಿಯುವುದಿಲ್ಲ. ಉಜ್ಜಲೂಬಾರದು. ಆ ಹುಡುಗನ ಋಣ ಇನ್ನೂ ನನ್ನ ಮೇಲಿದೆ.

ಸೇಫ್ಟಿ ಶೂ ಹಾಕಲೇಬೇಕಾದವರು ಒಳಗಿನ ಚೀಟಿಯಲ್ಲಿ ಚಳಿ ತಡೆಯುತ್ತದೆ ಎಂದು ಹೇಳುವ 'ಸಿಐ' (CI) ಗುರುತು ಇದೆಯಾ ನೋಡಿ. ಮೈನಸ್ 17ರಲ್ಲಿ ಅರ್ಧ ಗಂಟೆ ಇಟ್ಟಾಗ ಒಳಗಿನ ಬಿಸಿ 10 ಡಿಗ್ರಿಗಿಂತ ಹೆಚ್ಚು ಇಳಿಯಬಾರದು ಎಂಬ ಪರೀಕ್ಷೆ ಅದು. ಅರ್ಧ ಗಂಟೆ, ಅಷ್ಟೇ. ನಮ್ಮ ಪಾಳಿ ಎಂಟು ಗಂಟೆಯದು.

ಆಮೇಲೆ ನನ್ನದೇ ದುಡ್ಡಲ್ಲಿ 3,200ಕ್ಕೆ ಒಂದು ಜೊತೆ ತರಿಸಿದೆ. 'ಮೈನಸ್ 40' ಎಂದು ದೊಡ್ಡದಾಗಿ ಬರೆದಿತ್ತು. ಆ ಅಂಕಿಗೆ ಎಲ್ಲ ಕಂಪನಿಗಳಿಗೂ ಒಂದೇ ಅಳತೆಗೋಲಿಲ್ಲ. ಬಹುಮಟ್ಟಿಗೆ ನಡೆಯುತ್ತಿರುವವನ ಕಾಲನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದು. ನಾನೋ ಹೆಪ್ಪುಗಟ್ಟಿದ ನೆಲದ ಮೇಲೆ ನಿಂತಲ್ಲೇ ನಿಂತು ಸ್ಪ್ಯಾನರ್ ತಿರುಗಿಸುವವನು. ಇನ್ನೊಂದು ತಪ್ಪು ನನ್ನದೇ. ಯಾವಾಗಲೂ ಹಾಕುವ 8 ನಂಬರೇ ತರಿಸಿ ಎರಡು ಸಾಕ್ಸ್ ತುರುಕಿದೆ. ಬಿಸಿ ಹಿಡಿಯುವುದು ಉಣ್ಣೆಯೊಳಗೆ ಸಿಕ್ಕಿಕೊಂಡ ಗಾಳಿ. ಬೂಟು ಬಿಗಿಯಾದರೆ ಆ ಗಾಳಿಯೂ ಉಳಿಯುವುದಿಲ್ಲ, ಬೆರಳಿಗೆ ರಕ್ತವೂ ಸರಿಯಾಗಿ ಇಳಿಯುವುದಿಲ್ಲ. ಅದೂ ಹತ್ತಿಯ ಸಾಕ್ಸ್! ಹತ್ತಿ ಬೆಳೆಯುವ ಸೀಮೆಯವನು, ಬೇರೇನು ಹಾಕಲಿ? ಹತ್ತಿ ಬೆವರು ಕುಡಿದು ಬಿಡುವುದೇ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡಂತೆ.

ಆ ಜೊತೆಯ ಕೊನೆ ಬಳ್ಳಾರಿಯಲ್ಲೇ ಆಯಿತು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಅಟ್ಟದಲ್ಲಿಟ್ಟಿದ್ದೆ. ಅಕ್ಟೋಬರಿನಲ್ಲಿ ಇಳಿಸಿ ಹಾಕಿಕೊಂಡರೆ ಅಂಗಳ ದಾಟುವುದರೊಳಗೆ ಬೂಟಿನ ಅಡಿಯ ಸೋಲು ರವೆಯಂತೆ ಉದುರಿತು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಸೋಲಿನ ಗುಣವೇ ಅದು: ಗಾಳಿಯ ತೇವ ಒಳಗೊಳಗೇ ಅದನ್ನು ಮುರಿಯುತ್ತದೆ, ಸೆಕೆ ಆ ಕೆಲಸವನ್ನು ಬೇಗ ಮುಗಿಸುತ್ತದೆ.

ಈಗ ನಿಜವಾದ ವಿಮರ್ಶೆಗೆ ಬರುತ್ತೇನೆ. ಎರಡನೇ ಜೊತೆ 9,400 ರೂಪಾಯಿ, 9 ನಂಬರು, ನಾಲ್ಕು ಚಳಿಗಾಲ ಆಯಿತು. ಪಾದದ ಭಾಗ ಪೂರ್ತಿ ರಬ್ಬರು, ಮೇಲೆ ಚರ್ಮ, ಒಳಗೆ ಕೈಯಿಂದ ಎಳೆದು ತೆಗೆಯಬಹುದಾದ ದಪ್ಪ ಫೆಲ್ಟಿನ (ನೇಯದೆ ಒತ್ತಿ ಮಾಡಿದ ಬಟ್ಟೆಯ) ಚೀಲ. ಬೆಲೆಯಲ್ಲಿ ಅರ್ಧ ಆ ಚೀಲಕ್ಕೇ ಕೊಡಬಹುದು. ರಾತ್ರಿ ಬಿಚ್ಚಿ ಬುಖಾರಿಯಿಂದ ಎರಡು ಮೊಳ ದೂರ ನೇತುಹಾಕಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಬೆಚ್ಚಗಿಡುವ ಪದರವನ್ನು ಒಳಗೇ ಹೊಲಿದ ಬೂಟುಗಳು ಒಣಗುವುದೇ ಇಲ್ಲ, ಅದರಲ್ಲಿ 400 ಗ್ರಾಂ ಇರಲಿ 800 ಗ್ರಾಂ ಇರಲಿ. (ಆ ಗ್ರಾಂ ಒಂದು ಚದರ ಮೀಟರ್ ಪದರದ ತೂಕ, ಬೂಟಿನದಲ್ಲ. ನಾನೂ ಮೊದಲು ಬೂಟಿನದೇ ಎಂದು ತಿಳಿದಿದ್ದೆ.)

ಎರಡನೇ ವರ್ಷ ಹಿಮ್ಮಡಿಯ ಕೆಳಗೆ ಫೆಲ್ಟು ತೆಳುವಾಗಿ ಚಳಿ ನೆಲದಿಂದಲೇ ಏರತೊಡಗಿತು. ರಜೆಗೆ ಬಂದಾಗ ಅವ್ವನ ಕರಿ ಕಂಬಳಿಯ ಒಂದು ಮೂಲೆ ಕತ್ತರಿಸಿ ಎರಡು ಪದರ ಅಟ್ಟೆ ಮಾಡಿ ಒಳಗೆ ಹಾಕಿದೆ. ನಮ್ಮ ಕುರಿಗಳ ಉಣ್ಣೆ ಒರಟು, ಮೈಗೆ ಚುಚ್ಚುತ್ತದೆ. ಆದರೆ ಆ ಒರಟುತನದಿಂದಲೇ ಇರಬೇಕು, ತುಳಿದರೂ ಚಪ್ಪಟೆಯಾಗಲಿಲ್ಲ. ಅಂಗಡಿಯ ಹೊಳೆಯುವ ಅಲ್ಯೂಮಿನಿಯಂ ಅಟ್ಟೆ ಎರಡು ಸಲ ತಂದಿದ್ದೆ, ಇದರ ಮುಂದೆ ಅದು ಏನೇನೂ ಅಲ್ಲ.

ದೂರುಗಳೂ ಇವೆ. ಜೊತೆಗೆ ಎರಡು ಕಿಲೋ ಹತ್ತಿರ ತೂಕ. ಇದನ್ನು ಹಾಕಿಕೊಂಡು ಟಿಪ್ಪರ್ ಓಡಿಸಬೇಡಿ, ಪೆಡಲ್ ಕಾಲಿಗೆ ತಿಳಿಯುವುದಿಲ್ಲ. ಕರಗುತ್ತಿರುವ ಹಿಮಗಡ್ಡೆಯ ಮೇಲೆ ಜಾರುತ್ತದೆ. ಮೇಲೆ ಸಿಕ್ಕಿಸುವ ಮುಳ್ಳಿನ ಸರಪಳಿ ಬೇರೆ ಕೊಳ್ಳಬೇಕು. ಮೂರನೇ ವರ್ಷ ಚರ್ಮ ಮತ್ತು ರಬ್ಬರು ಸೇರುವಲ್ಲಿ ಹೊಲಿಗೆ ಬಿಟ್ಟಿತು. ಬಳ್ಳಾರಿಯ ಚಮ್ಮಾರಣ್ಣ ತಿರುಗಿಸಿ ತಿರುಗಿಸಿ ನೋಡಿ, "ಇವೇನ್ರೀ, ಆನಿ ಕಾಲಿಗೆ ಮಾಡಿದಂಗ ಅದಾವ" ಅಂತ ನಕ್ಕು, ಎರಡೆಳೆ ನೈಲಾನ್ ದಾರದಲ್ಲಿ ಹೊಲಿದುಕೊಟ್ಟ. ಕೊಟ್ಟದ್ದು 80 ರೂಪಾಯಿ. ಆ ಹೊಲಿಗೆ ಇನ್ನೂ ಗಟ್ಟಿ ಇದೆ.

ಕೊಳ್ಳುವವರಿಗೆ ಒಂದೇ ಮಾತು: ದಪ್ಪ ಉಣ್ಣೆ ಸಾಕ್ಸ್ ಹಾಕಿಕೊಂಡು ಸಂಜೆ ಹೊತ್ತು ಅಳತೆ ನೋಡಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಒಳಗೆ ಬೆರಳು ಆಡಿಸಲು ಬರದಿದ್ದರೆ ಎಷ್ಟೇ ಬೆಲೆಯದಾದರೂ ವಾಪಸ್ ಕೊಡಿ.

ಈ ಸಲ ಹೊಸ ಫೆಲ್ಟು ಚೀಲ ಮಾತ್ರ ತರಿಸಿದ್ದೇನೆ. ಬೂಟು ಈಗ ಅಟ್ಟದಲ್ಲಿಲ್ಲ, ದೇವರ ಕೋಣೆ ಪಕ್ಕದ ತಂಪು ಮೂಲೆಯಲ್ಲಿದೆ. ಅಟ್ಟೆ ಮತ್ತೆ ಮಾಡಬೇಕು, ಆದರೆ ಅವ್ವ ಉಳಿದ ಕಂಬಳಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ.