ಒಂದೇ ಸಿಂಥ್, ನಾಲ್ಕೈದು ಸೌಂಡ್: ಮನೆ ರೆಕಾರ್ಡಿಂಗ್‌ನಲ್ಲಿ ಸರ್ಜ್ ಎಕ್ಸ್‌ಟಿ

ಶಿರಸಿಯ ನಮ್ಮ ಮನೆಯಲ್ಲಿ ರೆಕಾರ್ಡ್ ಆಗುವುದು ಹೆಚ್ಚಾಗಿ ಭಾವಗೀತೆ, ಭಜನೆ, ಶಾಲೆ ಗ್ಯಾದರಿಂಗ್‌ನ ಡಾನ್ಸಿಗೆ ಬೇಕಾದ ಟ್ರ್ಯಾಕು. ಇವಕ್ಕೆಲ್ಲ ಕೆಲವು ವರ್ಷಗಳಿಂದ ಬಳಸುತ್ತಿರುವುದು ಸರ್ಜ್ ಎಕ್ಸ್‌ಟಿ ಎಂಬ ಸಾಫ್ಟ್‌ವೇರ್ ಸಿಂಥ್. ಸಿಂಥ್ ಅಂದರೆ ಕಂಪ್ಯೂಟರಿನಲ್ಲೇ ವಾದ್ಯದಂಥ ದನಿ ಹುಟ್ಟಿಸುವ ಸಾಧನ. ಪೂರ್ತಿ ಉಚಿತ. ಮೊದಲು ದುಡ್ಡಿಗೆ ಸಿಗುತ್ತಿದ್ದ ಸರ್ಜ್ 2018ರಲ್ಲಿ ಓಪನ್ ಸೋರ್ಸ್ ಆಯಿತು, ಎಕ್ಸ್‌ಟಿ ಬಂದದ್ದು 2022ರಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನಾನು ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಹಾಕಿಕೊಂಡಿದ್ದೇನೆ. ಒಂದು ಹಾಡಿಗೆ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ದನಿ), ಬೇಸ್, ಬೆಲ್, ತಂಬೂರಿ ಎಲ್ಲ ಬೇಕು ಅನ್ನುವವರು ಹತ್ತು ಸಿಂಥ್ ಇಳಿಸಿಕೊಳ್ಳಬೇಡಿ. ಇದೊಂದನ್ನೇ ನಾಲ್ಕು ಟ್ರ್ಯಾಕಿನಲ್ಲಿ ತೆರೆಯಿರಿ, ಸಾಕು.

ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ ಶ್ರುತಿ. ಪಕ್ಕದ ಮನೆಯ ಅಕ್ಕ ಕಪ್ಪು ನಾಲ್ಕರಲ್ಲಿ (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿ) ಹಾಡುತ್ತಾರೆ, ಹಿಂದೂಸ್ತಾನಿ ಕಲಿತವರು. ಹೆಡ್‌ಫೋನ್‌ನಲ್ಲಿ ಪ್ಯಾಡ್ ಕೇಳಿಸಿಕೊಂಡು ಹಾಡುವಾಗ ಒಮ್ಮೆ ನಿಲ್ಲಿಸಿ, "ತಮಾ, ಗಾಂಧಾರ ಕೂರ್ತಿಲ್ಲೆ" ಅಂದರು. ಅವರ ಕಿವಿ ಸರಿಯಾಗಿಯೇ ಇತ್ತು. ಕೀಬೋರ್ಡು ಸಪ್ತಕವನ್ನು 12 ಸಮಭಾಗ ಮಾಡುತ್ತದೆ. ಹಾಗಾಗಿ ಅದರ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿರುತ್ತದೆ (ಒಂದು ಸಪ್ತಕಕ್ಕೆ 1200 ಸೆಂಟ್). ತಂಬೂರಿಗೆ ಕಿವಿಗೊಟ್ಟು ಹಾಡುವವರ ಗಾಂಧಾರ ಷಡ್ಜದ ಕಂಪನದ 5/4 ಪಟ್ಟು, ಅಂದರೆ ಸುಮಾರು 386 ಸೆಂಟ್. ಕಪ್ಪು ನಾಲ್ಕರ ಷಡ್ಜ 207.65 ಹರ್ಟ್ಸ್ ಅಂತ ಇಟ್ಟುಕೊಂಡರೆ ಎರಡು ಗಾಂಧಾರಗಳ ನಡುವೆ ಸುಮಾರು 2 ಹರ್ಟ್ಸ್ ಅಂತರ. ಎರಡೂ ಒಟ್ಟಿಗೆ ಎಳೆದು ನಿಂತಾಗ ಸೆಕೆಂಡಿಗೆ ಎರಡು ಸಲ ದನಿ ಏರಿ ಇಳಿಯುತ್ತದೆ. ಪಂಚಮದಲ್ಲಿ ಅಂತರ 2 ಸೆಂಟ್ ಮಾತ್ರ, ಅಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ.

ಸರ್ಜ್‌ನಲ್ಲಿ ಇದಕ್ಕೆ ಮದ್ದಿದೆ. ಸ್ಕಾಲಾ ಎಂಬ ಟ್ಯೂನಿಂಗ್ ಫೈಲನ್ನು ಅದು ಓದುತ್ತದೆ. ನೋಟ್‌ಪ್ಯಾಡಿನಲ್ಲೇ ಬರೆಯಬಹುದು: ಮೇಲೊಂದು ಹೆಸರು, ಕೆಳಗೆ 12 ಎಂಬ ಅಂಕಿ, ಆಮೇಲೆ ಸಾಲಿಗೊಂದರಂತೆ 16/15, 9/8, 6/5, 5/4, 4/3 ಹೀಗೆ 2/1ರವರೆಗೆ. ಷಡ್ಜ ಕೀಬೋರ್ಡಿನ ಯಾವ ಮನೆಯಲ್ಲಿ, ಎಷ್ಟು ಹರ್ಟ್ಸ್ ಅನ್ನುವುದಕ್ಕೆ ಕೆಬಿಎಂ ಅನ್ನುವ ಇನ್ನೊಂದು ಪುಟ್ಟ ಫೈಲ್. ಎರಡನ್ನೂ ಹಾಕಿ ಪ್ಯಾಡ್ ನುಡಿಸಿದಾಗ ಅಕ್ಕನ ಗಾಂಧಾರ ಅದರೊಳಗೇ ಕೂತುಬಿಟ್ಟಿತು. ನಮ್ಮ ಸಂಗೀತಕ್ಕೆ ಸಿಂಥ್ ಆರಿಸುವವರು ಮೊದಲು ನೋಡಬೇಕಾದ್ದು ಇದನ್ನೇ ಅಂತ ನನ್ನ ಖಚಿತ ಅಭಿಪ್ರಾಯ. ಮಧ್ಯದಲ್ಲಿ ಶ್ರುತಿ ಬದಲಾಯಿಸಿ ಪಾಶ್ಚಾತ್ಯ ಕಾರ್ಡ್‌ಗಳ ಮೇಲೆ ಓಡುವ ಹಾಡಿಗೆ ಮಾತ್ರ ಇದು ಬೇಡ. ಅಲ್ಲಿ ಸಮಭಾಗವೇ ಸರಿ.

ತಂಬೂರಿಗೆ ಸರ್ಜ್ ಒಳಗಿನ ಸ್ಟ್ರಿಂಗ್ ಎಂಬ ಆಸಿಲೇಟರ್ (ದನಿ ಹುಟ್ಟಿಸುವ ಭಾಗ) ಬಳಸುತ್ತೇನೆ. ಅದರೊಳಗೆ ಎರಡು ತಂತಿಗಳಿವೆ, ಎರಡನೆಯದನ್ನು ತುಸುವೇ ಬೇಸೂರು ಮಾಡಬಹುದು. ಡಿಕೇ (ದನಿ ಆರಲು ಹಿಡಿಯುವ ಸಮಯ) ಉದ್ದ ಇಟ್ಟು ನಿಧಾನಕ್ಕೆ ಮೀಟಿಸಿದರೆ ಚೆನ್ನಾಗಿ ತುಂಬಿಕೊಳ್ಳುತ್ತದೆ. ನಿಜವಾದ ತಂಬೂರಿಯ ಜೀವಾಳ ಇದರಲ್ಲಿ ಇಲ್ಲ. ಆದರೆ ಹಾಡಿನ ಕೆಳಗೆ ಹಾಸಲು ಧಾರಾಳ ಸಾಕು.

ಇನ್ನು ಹಲವು ಸೌಂಡ್ ಒಟ್ಟಿಗೆ ಸೇರಿಸುವ ವಿಷಯ. ಜೊತೆಗೆ ಬರುವ ರೆಡಿಮೇಡ್ ಸೌಂಡ್‌ಗಳು ಎರಡು ಸಾವಿರಕ್ಕೂ ಜಾಸ್ತಿ. ಒಂದೊಂದೇ ಕೇಳಿದರೆ ಭರ್ಜರಿ, ಯಾಕಂದ್ರೆ ತುಂಬಾ ಸೌಂಡ್‌ಗಳಲ್ಲಿ ರಿವರ್ಬ್ (ಕೋಣೆಯಲ್ಲಿ ದನಿ ಮೊಳಗಿದಂಥ ಎಫೆಕ್ಟ್), ಡಿಲೇ (ಪ್ರತಿಧ್ವನಿ) ಮೊದಲೇ ಸುರಿದಿರುತ್ತಾರೆ. ಮೂರು ಸೇರಿಸಿದರೆ ಸಾಹಿತ್ಯವೇ ಕೇಳುವುದಿಲ್ಲ. ಎಫೆಕ್ಟ್ ಬೈಪಾಸ್ ಬಟನ್ ಒತ್ತಿ ಎಲ್ಲವನ್ನೂ ಒಣಗಿಸಿ, ಆಮೇಲೆ ರೀಪರ್‌ನಲ್ಲಿ ಎಲ್ಲಕ್ಕೂ ಸೇರಿ ಒಂದೇ ರಿವರ್ಬ್ ಕೊಡಿ. ಎಲ್ಲ ವಾದ್ಯಗಳೂ ಒಂದೇ ಕೋಣೆಯಲ್ಲಿ ಕೂತಂತೆ ಕೇಳುತ್ತವೆ. ಪ್ಯಾಡಿನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಬೇಸಿಗೆ ಬಿಟ್ಟುಕೊಡಿ. ಬೆಲ್ ಸೌಂಡು ಹಾಡು ನಿಂತ ಕಡೆ ಮಾತ್ರ ಬರಲಿ.

ನಮ್ಮ ಕಡೆ ಮಳೆಗಾಲದಲ್ಲಿ ಮೈಕ್ ಇಟ್ಟು ರೆಕಾರ್ಡ್ ಮಾಡೋದು ಕಷ್ಟ, ತಗಡಿನ ಮಾಡಿನ ಸದ್ದೇ ಜಾಸ್ತಿ. ಆಗ ಸಿಂಥ್ ಕೆಲಸ ಮುಗಿಸಿಕೊಳ್ಳುತ್ತೇನೆ. ಕರೆಂಟ್ ಹೋದಾಗ ಒಂದು ತೊಂದರೆ ಇದೆ. ಬ್ಯಾಟರಿಗೆ ಹೋದ ಕೂಡಲೇ ಲ್ಯಾಪ್‌ಟಾಪ್ ತನ್ನ ವೇಗ ಇಳಿಸಿಕೊಳ್ಳುತ್ತದೆ, ನಾಲ್ಕು ಸರ್ಜ್ ಓಡುತ್ತಿದ್ದರೆ ಪಟಪಟ ಸದ್ದು ಶುರು. ವಿಂಡೋಸ್‌ನ ಪವರ್ ಸೆಟ್ಟಿಂಗ್ ಬದಲಿಸಿ, ಮುಗಿದ ಟ್ರ್ಯಾಕುಗಳನ್ನು ರೀಪರ್‌ನಲ್ಲಿ ಫ್ರೀಜ್ ಮಾಡಿಬಿಡಿ. ಅದು ಆಡಿಯೋ ಆಗಿ ಕೂರುತ್ತದೆ, ಪ್ರೊಸೆಸರ್‌ಗೆ ಭಾರವೇ ಇಲ್ಲ. ಬೇಕಾದಾಗ ವಾಪಸ್ ಬಿಡಿಸಬಹುದು. ನುಡಿಸುವಾಗ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸದ್ದಿನ ತುಂಡು) 128 ಸ್ಯಾಂಪಲ್ ಇಡುತ್ತೇನೆ, ಮಿಕ್ಸ್ ಮಾಡುವಾಗ 1024.

ಕೊರತೆಗಳೂ ಇವೆ. ಸ್ಕ್ರೀನ್ ತುಂಬ ಸಣ್ಣ ಸಣ್ಣ ಗುಂಡಿ, ಹೊಸಬರು ಗಾಬರಿಯಾಗುತ್ತಾರೆ. ಕೊಳಲು, ಪಿಟೀಲು, ಮದ್ದಳೆ ಇದರಿಂದ ನಿರೀಕ್ಷಿಸಬೇಡಿ, ಇದು ನಿಜವಾದ ವಾದ್ಯದ ರೆಕಾರ್ಡಿಂಗ್ ನುಡಿಸುವ ಸ್ಯಾಂಪ್ಲರ್ ಅಲ್ಲ. ಕೊಳಲಿಗೆ ನಾನು ಈಗಲೂ ನುಡಿಸುವವರನ್ನೇ ಕರೆಸುತ್ತೇನೆ. ಎಲ್ಲಕ್ಕಿಂತ ಬೇಸರದ ಸಂಗತಿ ಅಂದರೆ, ನಾನು ಮಾಡುವ ಕ್ರಮದಲ್ಲಿ ತೆರೆದ ಪ್ರತಿಯೊಂದು ಸರ್ಜ್‌ಗೂ ಟ್ಯೂನಿಂಗ್ ಫೈಲನ್ನು ಬೇರೆ ಬೇರೆ ಹಾಕಬೇಕು. ಒಂದಕ್ಕೆ ಬಿಟ್ಟುಹೋದರೆ ಪ್ಯಾಡು ಒಂದು ಗಾಂಧಾರ, ಬೆಲ್ ಇನ್ನೊಂದು ಗಾಂಧಾರ. ಇದಕ್ಕೆ ಕಪ್ಪು ಒಂದು, ಕಪ್ಪು ನಾಲ್ಕು, ಬಿಳಿ ಐದು ಹೀಗೆ ಶ್ರುತಿಗೊಂದು ರೀಪರ್ ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ಹಾಡುವವರು ಬಂದು ಶ್ರುತಿ ಹೇಳಿದರೆ ಅದನ್ನೇ ತೆರೆದು ರೆಕಾರ್ಡ್ ಒತ್ತುತ್ತೇನೆ.